ಎಲ್ಲೆಯೊಳಗಿನ ಐಶ್ವರ್ಯ: ಅಮೆರಿಕದ ಐದು ನಡುಗಾತ್ರದ ನಗರಗಳು

ಅಮೆರಿಕವನ್ನು ಕಂಡು ಬಂದ ನಮ್ಮವರು ನ್ಯೂಯಾರ್ಕಿನ ಮುಗಿಲು ಮುಟ್ಟುವ ಸೌಧಗಳನ್ನೂ ವಾಷಿಂಗ್ಟನ್ನಿನ ಶ್ವೇತಭವನವನ್ನೂ ನಯಾಗರದ ಜಲರಾಶಿಯನ್ನೂ ವರ್ಣಿಸುವುದು ಸಹಜವೇ. ಆದರೆ ಆ ಮಹಾದೇಶದ ಎರಡು ಕರಾವಳಿಗಳ ನಡುವಣ ನಾಡಿನಲ್ಲಿ, ದೊಡ್ಡ ನದಿಗಳ ದಡದಲ್ಲಿಯೂ ಕಣ್ಣಿಗೆ ಆಚೆಯ ತೀರ ಕಾಣದಷ್ಟು ವಿಶಾಲವಾದ ಸರೋವರಗಳ ಅಂಚಿನಲ್ಲಿಯೂ, ಹತ್ತೊಂಬತ್ತನೆಯ ಶತಮಾನದ ವಾಣಿಜ್ಯವೂ ಉಕ್ಕಿನ ಉದ್ಯಮವೂ ಕಟ್ಟಿ ಬೆಳೆಸಿದ ನಡುಗಾತ್ರದ ನಗರಗಳು ಕೆಲವುಂಟು. ಪ್ರವಾಸಿಗರ ದಾರಿ ಇವುಗಳ ಮೇಲೆ ಹಾಯುವುದು ಅಪರೂಪವಾದುದರಿಂದ ಇವುಗಳ ಸಂಪತ್ತಿನ ಸುದ್ದಿ ನಮ್ಮಲ್ಲಿಗೆ ತಲುಪಿರುವುದೂ ಅಲ್ಪವೇ. ಸೇಂಟ್ ಲೂಯಿಸ್, ಪಿಟ್ಸ್‌ಬರ್ಗ್, ಕ್ಲೀವ್‌ಲೆಂಡ್, ಸಿನ್ಸಿನಾಟಿ, ಮಿಲ್ವಾಕಿ ಎಂಬ ಐದನ್ನು ಇಲ್ಲಿ ಆಯ್ದುಕೊಂಡಿದ್ದೇನೆ. 2020ರ ಜನಗಣತಿಯಂತೆ ಮಿಲ್ವಾಕಿಯೊಂದರಲ್ಲಿ ಐದೂಮುಕ್ಕಾಲು ಲಕ್ಷ ಜನರಿದ್ದರು. ಉಳಿದ ನಾಲ್ಕೂ ಮೂರರಿಂದ ನಾಲ್ಕು ಲಕ್ಷದೊಳಗಿನವು.

ಇವುಗಳನ್ನು ಒಂದರೊಡನೊಂದನ್ನು ತೂಗಿ ನೋಡುವುದಕ್ಕೆ ಒಂದು ನಿಯಮವನ್ನು ಹಾಕಿಕೊಳ್ಳುವುದು ಅವಶ್ಯ: ನಗರದ ಎಲ್ಲೆಯೊಳಗಿರುವುದನ್ನು ಮಾತ್ರವೇ ಲೆಕ್ಕಕ್ಕೆ ಹಿಡಿಯಬೇಕು. ಇದು ಬರಿಯ ಕಟ್ಟುಪಾಡೆಂದು ಓದುಗರಿಗೆ ತೋರಬಹುದು, ಆದರೆ ಅಲ್ಲಿನ ಎಲ್ಲೆಯ ಸ್ವರೂಪವನ್ನು ತಿಳಿದರೆ ಇದರ ಮಹತ್ವ ಗೋಚರವಾಗುವುದು. ನಮ್ಮ ಬೆಂಗಳೂರು 2007ರಲ್ಲಿ ಸುತ್ತಲಿನ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಹತ್ತು ಹಳ್ಳಿಗಳನ್ನೂ ತನ್ನೊಳಕ್ಕೆ ಸೇರಿಸಿಕೊಂಡಂತೆ ಅಲ್ಲಿನ ಹಳೆಯ ನಗರಗಳು ಬೆಳೆಯಲಾರವು. ಅವುಗಳ ಸುತ್ತ ಹತ್ತಾರು ಸ್ವತಂತ್ರವಾದ ಸಣ್ಣ ಪುರಸಭೆಗಳಿರುತ್ತವೆ. ಒಂದೊಂದಕ್ಕೂ ತನ್ನದೇ ಆದ ಮೇಯರು, ತನ್ನದೇ ಪೊಲೀಸು, ತನ್ನದೇ ಶಾಲೆ, ತನ್ನದೇ ಕಂದಾಯ. ಬೀದಿಯ ಈಚೆ ಬದಿ ನಗರ, ಆಚೆ ಬದಿ ಬೇರೆ ಊರು. ಕಣ್ಣಿಗೆ ಭೇದ ಕಾಣಿಸದಿದ್ದರೂ ಬೊಕ್ಕಸ ಬೇರೆ.

ಸೇಂಟ್ ಲೂಯಿಸಿನ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ಹಳ್ಳಿಗಾಡಿನ ಖರ್ಚಿಗೆ ತಮ್ಮ ಹಣ ಹೋಗುತ್ತಿದೆಯೆಂದು ಬೇಸತ್ತ ಅಲ್ಲಿನ ಪೌರರು 1876ರಲ್ಲಿ ತಮ್ಮ ನಗರವನ್ನು ಕೌಂಟಿಯಿಂದ, ಎಂದರೆ ನಮ್ಮ ಜಿಲ್ಲೆಗೆ ಸಮಾನವಾದ ಆಡಳಿತ ವಿಭಾಗದಿಂದ, ಬೇರ್ಪಡಿಸಿಕೊಂಡು ಎಲ್ಲೆಯನ್ನು ಶಾಶ್ವತವಾಗಿ ಗುರುತಿಸಿಬಿಟ್ಟರು. ಆಗ ಐಶ್ವರ್ಯವೆಲ್ಲವೂ ಎಲ್ಲೆಯ ಒಳಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಮೋಟಾರು ಹೆದ್ದಾರಿಗಳು ಹರಡಿದ ಮೇಲೆ, ಅನುಕೂಲವಂತರು ತಂಡತಂಡವಾಗಿ ಆಚೆಯ ಊರುಗಳಿಗೆ ಹೋಗಿ ನೆಲಸಿದರು. 1950ರಲ್ಲಿ 8,56,796 ಇದ್ದ ಜನಸಂಖ್ಯೆ 2020ರಲ್ಲಿ 3,01,578ಕ್ಕೆ ಇಳಿಯಿತು. ಕ್ಲೀವ್‌ಲೆಂಡಿನದೂ ಅದೇ ಕಥೆ: 9,14,808ರಿಂದ 3,72,624ಕ್ಕೆ. ಹೋದವರು ತಮ್ಮೊಡನೆ ಕಂದಾಯವನ್ನೂ ಅಂಗಡಿ ಮುಂಗಟ್ಟುಗಳನ್ನೂ ಕೊಂಡೊಯ್ದರು. ಕೊಂಡೊಯ್ಯಲಾಗದೆ ಹಿಂದೆ ಉಳಿದುವು ಉದ್ಯಾನಗಳು, ವಸ್ತುಸಂಗ್ರಹಾಲಯಗಳು, ಸೇತುವೆಗಳು, ಮಾರುಕಟ್ಟೆಗಳು. ಆದುದರಿಂದ ಎಲ್ಲೆಯೊಳಗಿನ ನೋಟಗಳನ್ನು ಹೋಲಿಸುವುದೆಂದರೆ, ಧನವಂತರು ತೆರಳಿದ ಬಳಿಕ ಆ ನಗರ ಏನನ್ನು ಉಳಿಸಿಕೊಂಡಿತು, ಯಾರ ಹಣದಿಂದ ಉಳಿಸಿಕೊಂಡಿತು ಎಂದು ಕೇಳುವುದೇ ಆಗಿದೆ. ನನ್ನ ಆಸಕ್ತಿ ಇರುವುದು ಈ ಪ್ರಶ್ನೆಯಲ್ಲಿ.

ಮೊದಲು ಸೇಂಟ್ ಲೂಯಿಸಿನ ಕಮಾನು. ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿ, ಯಾವ ಆಧಾರವೂ ಇಲ್ಲವೆಂಬಂತೆ ಆಕಾಶಕ್ಕೆ ಏರಿ ಮತ್ತೆ ನೆಲಕ್ಕೆ ಇಳಿಯುವ ಈ ಉಕ್ಕಿನ ರೇಖೆಯ ಎತ್ತರ 630 ಅಡಿ. ಎರಡು ಪಾದಗಳ ನಡುವಣ ದೂರವೂ ಅಷ್ಟೇ. ಎರಡು ತುದಿಗಳಲ್ಲಿ ಹಿಡಿದು ಇಳಿಬಿಟ್ಟ ಸರಪಳಿ ತಾನಾಗಿ ತಳೆಯುವ ವಕ್ರರೇಖೆಯನ್ನು ತಲೆಕೆಳಗಾಗಿಸಿ, ಕೊಂಚ ತಿದ್ದಿ ಪಡೆದ ಆಕಾರವಿದು. ಕಾಲುಗಳ ಅಡ್ಡಕೊಯ್ತ ತ್ರಿಕೋನಾಕೃತಿಯದು. ಬುಡದಲ್ಲಿ ತ್ರಿಕೋನದ ಒಂದೊಂದು ಭುಜವೂ 54 ಅಡಿ, ನೆತ್ತಿಯಲ್ಲಿ 17 ಅಡಿ. ಹೊರಮೈಯೆಲ್ಲ ತುಕ್ಕು ಹಿಡಿಯದ ಉಕ್ಕು, ಆದಕಾರಣ ಬೆಳಗಿನ ಹೊಂಬಿಸಿಲಿನಲ್ಲಿ ಒಂದು ಬಣ್ಣ, ಮೋಡ ಕವಿದಾಗ ಇನ್ನೊಂದು. ಇದರ ನಿರ್ಮಾತೃ ಫಿನ್ಲೆಂಡಿನಲ್ಲಿ ಹುಟ್ಟಿದ ಶಿಲ್ಪಿ ಈರೋ ಸಾರಿನೆನ್. 1948ರಲ್ಲಿ ಸ್ಮಾರಕದ ವಿನ್ಯಾಸ ಸ್ಪರ್ಧೆಯ ಫಲಿತಾಂಶ ಹೊರಬಂದಾಗ, ತಂದೆಯಾದ ಎಲಿಯೆಲ್ ಸಾರಿನೆನ್ ಕೂಡ ಅದೇ ಸ್ಪರ್ಧೆಯಲ್ಲಿ ಭಾಗವಹಿಸಿದ್ದುದರಿಂದಲೂ ಇಬ್ಬರ ಹೆಸರಿನ ಮೊದಲಕ್ಷರ ಒಂದೇ ಆಗಿದ್ದುದರಿಂದಲೂ ತಂತಿ ಸಂದೇಶ ತಂದೆಗೆ ಬಂದುದೆಂದು ಭಾವಿಸಿ ಮನೆಯವರೆಲ್ಲ ಸಂಭ್ರಮಪಟ್ಟರು. ಗೆದ್ದವನು ಮಗನೆಂದು ಅನಂತರ ತಿಳಿಯಿತು. 1963ರಲ್ಲಿ ಕೆಲಸ ಆರಂಭವಾಗುವ ಹೊತ್ತಿಗೆ ಆ ಮಗನೂ ತೀರಿಕೊಂಡಿದ್ದನು.

1965ರ ಅಕ್ಟೋಬರ್ 28ರಂದು ನೆತ್ತಿಯ ಕೊನೆಯ ತುಂಡನ್ನು ಕೂರಿಸಬೇಕಾಗಿತ್ತು. ಬಿಸಿಲಿಗೆ ದಕ್ಷಿಣದ ಕಾಲು ಹಿಗ್ಗಿ ಅಳತೆ ತಪ್ಪದಿರಲೆಂದು ಅಗ್ನಿಶಾಮಕ ದಳದವರು ಅದರ ಮೇಲೆ ನೀರೆರಚಿ ತಣಿಸುತ್ತಿದ್ದರು. ಕೆಳಗೆ ನೆರೆದ ಜನ ಮೇಲೆ ನೋಡುತ್ತ ನಿಂತಿದ್ದರು. ಇಷ್ಟು ಅಪಾಯಕರವಾದ ಕಾರ್ಯದಲ್ಲಿ ಒಬ್ಬ ಕಾರ್ಮಿಕನೂ ಪ್ರಾಣ ಕಳೆದುಕೊಳ್ಳಲಿಲ್ಲವೆಂಬುದು ಅದರ ಎತ್ತರಕ್ಕಿಂತಲೂ ಹಿರಿದಾದ ಕೀರ್ತಿಯೆಂದು ನನ್ನ ಭಾವನೆ. ಇಂದು ಐದೈದು ಆಸನಗಳ ಎಂಟು ಚಿಕ್ಕ ಗೂಡುಗಳಲ್ಲಿ ಕುಳಿತು, ಟೊಳ್ಳಾದ ಕಾಲಿನೊಳಗೇ ನಾಲ್ಕು ನಿಮಿಷದಲ್ಲಿ ನೆತ್ತಿಗೇರಬಹುದು. ಅಲ್ಲಿ ಪೂರ್ವದ ಕಿಟಕಿಗಳಿಂದ ಕಾಣುವುದು ಮಹಾನದಿ. ಪಶ್ಚಿಮದ ಕಿಟಕಿಗಳಿಂದ ಕಾಣುವುದು ಹಳೆಯ ನ್ಯಾಯಾಲಯದ ಗುಮ್ಮಟ. ತನ್ನ ದಾಸ್ಯದ ವಿಮೋಚನೆಗಾಗಿ ಡ್ರೆಡ್ ಸ್ಕಾಟ್ ಎಂಬ ಕಪ್ಪುಜನಾಂಗದ ಗುಲಾಮನು 1846ರಲ್ಲಿ ದಾವೆ ಹೂಡಿ, 1850ರಲ್ಲಿ ಆ ನ್ಯಾಯಾಲಯದಲ್ಲಿಯೇ ಗೆದ್ದು, ಅನಂತರ ಮೇಲಿನ ಕೋರ್ಟುಗಳಲ್ಲಿ ಸೋತನು. 1857ರ ಸುಪ್ರೀಂ ಕೋರ್ಟಿನ ಆ ತೀರ್ಪು ದೇಶವನ್ನು ಅಂತರ್ಯುದ್ಧದ ಅಂಚಿಗೆ ನೂಕಿದುವುಗಳಲ್ಲಿ ಒಂದು. ಕಮಾನನ್ನು ನೋಡಿ ನ್ಯಾಯಾಲಯವನ್ನು ನೋಡದೆ ಬರುವವರು ಅರ್ಧವನ್ನೇ ನೋಡಿದವರು. ಈ ಸ್ಮಾರಕಕ್ಕೆ ಸ್ಥಳ ಮಾಡುವುದಕ್ಕಾಗಿ ನದೀತೀರದ ಸುಮಾರು ನಲವತ್ತು ಚೌಕಗಳಷ್ಟು ಹಳೆಯ ಕಟ್ಟಡಗಳನ್ನು ನೆಲಸಮ ಮಾಡಿದರೆಂಬುದನ್ನೂ ಮರೆಯಲಾಗದು.

ಆದರೂ ಆ ನಗರದ ಹೃದಯ ಕಮಾನಿನಲ್ಲಿಲ್ಲ, ಫಾರೆಸ್ಟ್ ಪಾರ್ಕಿನಲ್ಲಿದೆ. 1876ರಲ್ಲಿ ತೆರೆದ ಈ ಉದ್ಯಾನದ ವಿಸ್ತಾರ ಸುಮಾರು 1,300 ಎಕರೆ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಒಂದೂವರೆ ಪಟ್ಟು. 1904ರ ಜಾಗತಿಕ ಪ್ರದರ್ಶನ ನಡೆದುದು ಇಲ್ಲಿ. ಪ್ರದರ್ಶನಕ್ಕೆಂದು ಎಬ್ಬಿಸಿದ ಅರಮನೆಗಳಲ್ಲಿ ಹೆಚ್ಚಿನವು ತಾತ್ಕಾಲಿಕವಾಗಿದ್ದು ಆಮೇಲೆ ಕೆಡವಲ್ಪಟ್ಟುವು. ಕ್ಯಾಸ್ ಗಿಲ್ಬರ್ಟ್ ಕಲ್ಲಿನಲ್ಲಿ ಕಟ್ಟಿದ ಕಲಾಮಂದಿರ ಉಳಿದು ಇಂದಿನ ಕಲಾಸಂಗ್ರಹಾಲಯವಾಯಿತು. ಪಕ್ಷಿಗಳಿಗಾಗಿ ಸ್ಮಿತ್ಸೋನಿಯನ್ ಸಂಸ್ಥೆಯು ಕಟ್ಟಿಸಿದ್ದ ಪಂಜರವೊಂದಿತ್ತು, 228 ಅಡಿ ಉದ್ದ, 50 ಅಡಿ ಎತ್ತರ. ಪ್ರದರ್ಶನ ಮುಗಿದಾಗ ಅದನ್ನು ಕಳಚಿ ವಾಷಿಂಗ್ಟನ್ನಿಗೆ ಸಾಗಿಸುವ ಬದಲು ಪೌರರು 3,500 ಡಾಲರಿಗೆ ಕೊಂಡುಕೊಂಡರು. ಊರಿನ ಮೃಗಾಲಯಕ್ಕೆ ಬೀಜವಾದುದು ಆ ಪಂಜರ. 1916ರಲ್ಲಿ ಮತದಾರರು ಮೃಗಾಲಯಕ್ಕಾಗಿ ತಮ್ಮ ಮೇಲೆ ತಾವೇ ತೆರಿಗೆಯನ್ನು ವಿಧಿಸಿಕೊಂಡರು. ಶಾಲೆಯ ಮಕ್ಕಳು ಕಾಸುಕಾಸು ಕೂಡಿಸಿ ಆನೆಯೊಂದನ್ನು ಕೊಂಡುಕೊಟ್ಟರು.

ಕಥೆಯ ಮುಖ್ಯಾಂಶ ಇಲ್ಲಿಂದಾಚೆಗಿದೆ. ಜನ ತೆರಳಿ, ಕಂದಾಯ ಇಳಿದು, ನಗರವೊಂದೇ ಈ ಸಂಸ್ಥೆಗಳ ಭಾರವನ್ನು ಹೊರಲಾರದೆ ಹೋದಾಗ, 1971ರಲ್ಲಿ ನಗರದ ಮತದಾರರೂ ಕೌಂಟಿಯ ಮತದಾರರೂ ಸೇರಿ, ಮೃಗಾಲಯ ಮತ್ತು ಸಂಗ್ರಹಾಲಯಗಳಿಗೆಂದೇ ಆಸ್ತಿ ತೆರಿಗೆಯ ಒಂದು ವಿಶೇಷ ವಲಯವನ್ನು ಸ್ಥಾಪಿಸಿಕೊಂಡರು. ತೊಂಬತ್ತೈದು ವರ್ಷಗಳ ಹಿಂದೆ ಬೇರೆಯಾಗಿದ್ದ ಎರಡು ಮನೆಗಳು ಈ ಒಂದು ಕಾರ್ಯಕ್ಕೆ ಮತ್ತೆ ಕೂಡಿದುವು. ಅದರ ಫಲವಾಗಿ ಇಂದು ಮೃಗಾಲಯ, ಕಲಾಸಂಗ್ರಹಾಲಯ, ಇತಿಹಾಸ ಸಂಗ್ರಹಾಲಯ, ವಿಜ್ಞಾನ ಕೇಂದ್ರ ಈ ನಾಲ್ಕಕ್ಕೂ ಪ್ರವೇಶ ಉಚಿತ. ಸೇಂಟ್ ಲೂಯಿಸಿನವರಿಗೆ ಮಾತ್ರವಲ್ಲ, ಎಲ್ಲಿಂದ ಬಂದವರಿಗೂ. ಅಮೆರಿಕದಲ್ಲಿ ನಾಲ್ವರ ಸಂಸಾರವೊಂದು ಮೃಗಾಲಯಕ್ಕೆ ಹೋಗಿಬರುವ ವೆಚ್ಚವನ್ನು ಅರಿತವರಿಗೆ ಇದು ಎಂತಹ ಔದಾರ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಉದ್ಯಾನದಲ್ಲಿ ಸುಮಾರು ಹನ್ನೊಂದು ಸಾವಿರ ಆಸನಗಳ ಬಯಲು ರಂಗಮಂದಿರವೊಂದಿದೆ. ಅದರ ಹಿಂದಿನ ಸಾಲುಗಳಲ್ಲಿ ಸುಮಾರು ಒಂದೂವರೆ ಸಾವಿರ ಆಸನಗಳನ್ನು ಟಿಕೆಟ್ಟಿಲ್ಲದೆ ಬಂದವರಿಗಾಗಿಯೇ ಮೀಸಲಿಟ್ಟಿದ್ದಾರೆ.

ಹೆನ್ರಿ ಷಾ ಎಂಬ ವರ್ತಕ ಇಂಗ್ಲೆಂಡಿನಿಂದ ಬಂದು, ಕಬ್ಬಿಣದ ಸಾಮಾನಿನ ವ್ಯಾಪಾರದಲ್ಲಿ ಗಳಿಸಿದ ಧನದಿಂದ 1859ರಲ್ಲಿ ಸಾರ್ವಜನಿಕರಿಗೆ ತೆರೆದ ಸಸ್ಯೋದ್ಯಾನವೂ ಎಲ್ಲೆಯ ಒಳಗಣದೇ. 1960ರಲ್ಲಿ ಅಲ್ಲಿ ನಿರ್ಮಿತವಾದ ಗಾಜಿನ ಗುಮ್ಮಟದೊಳಗೆ ಉಷ್ಣವಲಯದ ಕಾಡು ಚಳಿಗಾಲದ ಹಿಮದ ನಡುವೆಯೂ ಹಸುರಾಗಿ ನಿಂತಿರುತ್ತದೆ. ಸಸ್ಯಶಾಸ್ತ್ರದ ಸಂಶೋಧನೆಯಲ್ಲಿ ಇದು ಜಗತ್ತಿನ ಗಣ್ಯ ಸಂಸ್ಥೆಗಳಲ್ಲೊಂದು.

ಪಿಟ್ಸ್‌ಬರ್ಗಿನ ಭಾಗ್ಯವೇ ಬೇರೆ. ಅದಕ್ಕೆ ದೊರೆತುದು ನೆಲದ ಚೆಲುವು. ಅಲೆಗೆನಿ, ಮನಾಂಗಹೀಲ ಎಂಬ ಎರಡು ನದಿಗಳು ಸಂಗಮವಾಗಿ ಒಹಾಯೊ ಎಂಬ ಮೂರನೆಯ ನದಿಯಾಗಿ ಹರಿಯುವ ಚೂಪಾದ ನೆಲದ ಮೂಲೆಯಲ್ಲಿ ಆ ಊರು ಹುಟ್ಟಿತು. ಈ ಸಂಗಮಕ್ಕಾಗಿ ಫ್ರೆಂಚರೂ ಆಂಗ್ಲರೂ ಕಾದಾಡಿದರು. 1764ರ ಒಂದು ಇಟ್ಟಿಗೆಯ ಕಾವಲು ಮನೆ ಇಂದಿಗೂ ನಿಂತಿದೆ. ಅಲ್ಲಿ ಕೋಟೆ ಹೋಗಿ ಗೋದಾಮುಗಳು ಬಂದುವು, ಗೋದಾಮುಗಳು ಹೋಗಿ ಉದ್ಯಾನ ಬಂದಿತು. 1974ರಲ್ಲಿ ಚಾಲನೆಗೊಂಡ ಕಾರಂಜಿ 150 ಅಡಿ ಎತ್ತರಕ್ಕೆ ಚಿಮ್ಮುವ ನೀರನ್ನು ಪಡೆಯುವುದು ಕಾಣುವ ಮೂರು ನದಿಗಳಿಂದಲ್ಲ, ಅವುಗಳಡಿಯಲ್ಲಿ ಹಿಮಯುಗದ ಮರಳು ಜಲ್ಲಿಗಳ ನಡುವೆ ಹರಡಿರುವ ಅಂತರ್ಜಲದಿಂದ. ಪ್ರಯಾಗದ ಗುಪ್ತಗಾಮಿನಿಯನ್ನು ಬಲ್ಲ ನಮಗೆ ಆ ಸಂಗಮದಲ್ಲಿ ನಿಂತಾಗ ಒಂದು ಬಗೆಯ ಪರಿಚಿತ ಭಾವ ಮೂಡದಿರದು.

ಈ ಸಂಗಮವನ್ನು ನೋಡಬೇಕಾದುದು ಎದುರಿನ ಗುಡ್ಡದ ಮೇಲಿಂದ. ಆ ಗುಡ್ಡವನ್ನು ಏರಬೇಕಾದುದು ಇನ್‌ಕ್ಲೈನ್ ಎಂದು ಅಲ್ಲಿನವರು ಕರೆಯುವ ಇಳಿಜಾರಿನ ರೈಲಿನಲ್ಲಿ. ಹಿಂದೊಮ್ಮೆ ಅಲ್ಲಿ ಇಂತಹ ಹದಿನೇಳು ರೈಲುಗಳಿದ್ದುವು. ಉಳಿದಿರುವುದು 1870ರದೊಂದು, 1877ರದೊಂದು. ಒಂದೇ ಉಕ್ಕಿನ ಹಗ್ಗದ ವ್ಯವಸ್ಥೆಗೆ ಬಿಗಿದ ಎರಡು ಗಾಡಿಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಇಳಿಯುವ ಭಾರವೇ ಏರುವ ಗಾಡಿಗೆ ನೆರವು. ಡುಕೇನ್ ಇನ್‌ಕ್ಲೈನಿನ ಗಾಡಿಯೊಳಗೆ ಕುಳಿತವರು ಮೊದಲು ಗಮನಿಸುವುದು ಹೊಳಪು ಮಾಸದ ಚೆರಿ ಮರದ ಹಲಗೆಗಳನ್ನು. ಮೇಲಿನ ನಿಲ್ದಾಣದ ಯಂತ್ರಶಾಲೆಗೆ ಇಣುಕಿದವರಿಗೆ ಕಾಣುವುದು ಮರದ ಹಲ್ಲುಗಳನ್ನು ಕೂರಿಸಿದ ಭಾರಿ ಗಾಲಿಯೊಂದು. ಗುಡ್ಡದ ಮೇಲೆ ವಾಸವಾಗಿದ್ದು ಕೆಳಗಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ವಲಸೆ ಬಂದ ಕಾರ್ಮಿಕರಿಗೆಂದು ಇದನ್ನು ಕಟ್ಟಿದುದು. 1962ರಲ್ಲಿ ನಷ್ಟವೆಂದು ಮುಚ್ಚಿದಾಗ, ಗುಡ್ಡದ ನಿವಾಸಿಗಳು ತಾವೇ ಹಣ ಕೂಡಿಸಿ ರಿಪೇರಿ ಮಾಡಿಸಿ ಮರುವರ್ಷವೇ ಮತ್ತೆ ಓಡಿಸಿದರು. ಊರಿನ ಹಿರಿಮೆಯನ್ನು ಉಳಿಸುವವರು ಯಾವಾಗಲೂ ಕೋಟ್ಯಧೀಶರೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಗೆಯ ಮಾತನ್ನು ಬಿಟ್ಟು ಪಿಟ್ಸ್‌ಬರ್ಗಿನ ವಿಚಾರ ಮುಗಿಯದು. 1940ರ ದಶಕದಲ್ಲಿ ಅಲ್ಲಿ ನಡುಹಗಲಿನಲ್ಲಿ ಬೀದಿದೀಪ ಹೊತ್ತಿಸಬೇಕಾಗುತ್ತಿತ್ತು. 1941ರಲ್ಲಿ ನಗರಸಭೆ ಹೊಗೆ ನಿಯಂತ್ರಣದ ಕಾನೂನು ಮಾಡಿ, ಯುದ್ಧಾನಂತರ ಅದನ್ನು ಜಾರಿಗೆ ತಂದಿತು. ಉಕ್ಕು ತಂದ ಧನವೇ ಊರಿನ ಸಂಗ್ರಹಾಲಯಗಳನ್ನೂ ಕಟ್ಟಿತು. ಆಂಡ್ರೂ ಕಾರ್ನೆಗಿ 1895ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಕಲೆಯೂ ಪ್ರಾಕೃತಿಕ ಚರಿತ್ರೆಯೂ ಒಂದೇ ಸೂರಿನಡಿ ಇವೆ; 1899ರಲ್ಲಿ ವಯೋಮಿಂಗಿನಲ್ಲಿ ಆತನ ಹಣದಿಂದ ಅಗೆದು ತೆಗೆದ ಡಿಪ್ಲೊಡೋಕಸ್ ಎಂಬ ದೈತ್ಯ ಸರೀಸೃಪದ ಅಸ್ಥಿಪಂಜರ ಅಲ್ಲಿನ ಮುಖ್ಯ ಆಕರ್ಷಣೆ, ಅದರ ಅಚ್ಚಿನ ಪ್ರತಿ 1905ರಲ್ಲಿ ಲಂಡನ್ನಿಗೂ ಹೋಯಿತು. ಆದರೆ ಅದೇ ಕಾರ್ನೆಗಿಯ ಕಾರ್ಖಾನೆಯಲ್ಲಿ 1892ರ ಮುಷ್ಕರದಲ್ಲಿ ಕಾರ್ಮಿಕರ ರಕ್ತ ಹರಿದ ಹೋಮ್‌ಸ್ಟೆಡ್ ಇರುವುದು ನಗರದ ಎಲ್ಲೆಯ ಹೊರಗೆ. ಸಂಗ್ರಹಾಲಯ ಒಳಗೆ, ಅದರ ಬೆಲೆ ತೆತ್ತ ಊರು ಹೊರಗೆ. ಎಲ್ಲೆಯ ಗೆರೆ ಹೀಗೆ ನೆನಪನ್ನೂ ಸೀಳುತ್ತದೆ.

ಈ ನಗರದಲ್ಲಿ ನನಗೆ ಅತ್ಯಂತ ಗೌರವಾರ್ಹವೆನಿಸುವುದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ‘ಕೆಥೀಡ್ರಲ್ ಆಫ್ ಲರ್ನಿಂಗ್’ ಎಂಬ ನಲವತ್ತೆರಡು ಅಂತಸ್ತಿನ, 535 ಅಡಿ ಎತ್ತರದ ವಿದ್ಯಾಗೋಪುರ. 1926ರಲ್ಲಿ ಕೆಲಸ ಆರಂಭವಾಗಿ ಆರ್ಥಿಕ ಕುಸಿತದ ದಿನಗಳಲ್ಲಿ ಮುಂದುವರಿದ ಈ ಕಟ್ಟಡಕ್ಕೆ ಶಾಲೆಯ ಮಕ್ಕಳು ಒಂದೊಂದು ಇಟ್ಟಿಗೆಯ ಲೆಕ್ಕದಲ್ಲಿ ಹತ್ತು ಹತ್ತು ಸೆಂಟು ಕೊಟ್ಟರು. ಊರಿನಲ್ಲಿ ನೆಲಸಿದ ಬೇರೆ ಬೇರೆ ಜನಾಂಗಗಳು ತಂತಮ್ಮ ನಾಡಿನ ಶೈಲಿಯಲ್ಲಿ ಕಟ್ಟಿಸಿಕೊಟ್ಟ ಮೂವತ್ತೊಂದು ಕೊಠಡಿಗಳು ಇದರಲ್ಲಿವೆ. 2000ದಲ್ಲಿ ಸಮರ್ಪಿತವಾದ ಭಾರತೀಯ ಕೊಠಡಿ ನಾಲಂದದ ವಿಹಾರದ ಮಾದರಿಯಲ್ಲಿ ಕೆಂಪು ಇಟ್ಟಿಗೆಯಿಂದ ರಚಿತವಾಗಿದೆ. ಇವುಗಳಲ್ಲಿ ಹೆಚ್ಚಿನವು ಹಗ್ಗ ಕಟ್ಟಿ ದೂರದಿಂದ ತೋರಿಸುವ ಪ್ರದರ್ಶನಗಳಲ್ಲ. ವಿದ್ಯಾರ್ಥಿಗಳು ಕುಳಿತು ಪಾಠ ಕೇಳುವ ತರಗತಿಗಳು. ನಮ್ಮವರು ಪಿಟ್ಸ್‌ಬರ್ಗಿಗೆ ಹೋಗುವುದು ಸಾಮಾನ್ಯವಾಗಿ ವೆಂಕಟೇಶ್ವರ ದೇವಾಲಯದ ದರ್ಶನಕ್ಕೆ. 1977ರಲ್ಲಿ ಪ್ರತಿಷ್ಠೆಯಾದ ಆ ದೇಗುಲ ಇರುವುದು ಪೆನ್ ಹಿಲ್ಸ್ ಎಂಬ ನೆರೆಯ ಪುರಸಭೆಯಲ್ಲಿ, ನಗರದ ಎಲ್ಲೆಯಿಂದಾಚೆಗೆ. ದರ್ಶನ ಮುಗಿಸಿ ಪ್ರಸಾದ ಸ್ವೀಕರಿಸಿ ಹಾಗೆಯೇ ಹೆದ್ದಾರಿ ಹಿಡಿಯುವವರು, ಕೆಲವೇ ಮೈಲಿಗಳ ಈಚೆಗಿರುವ ನಾಲಂದದ ಕೊಠಡಿಯನ್ನು ಕಾಣದೆಯೇ ಮರಳುತ್ತಾರೆ.

ಪಿಟ್ಸ್‌ಬರ್ಗಿನಲ್ಲಿಯೂ ಎಲ್ಲೆಯಾಚೆಯವರು ಕೈಜೋಡಿಸಿದ್ದಾರೆ: 1994ರಿಂದ ಕೌಂಟಿಯಾದ್ಯಂತ ಶೇಕಡಾ ಒಂದರ ಹೆಚ್ಚುವರಿ ಮಾರಾಟ ತೆರಿಗೆ ಇದ್ದು, ಅದರ ಅರ್ಧ ಗ್ರಂಥಾಲಯ, ಉದ್ಯಾನ, ಸಂಗ್ರಹಾಲಯ, ಕ್ರೀಡಾಂಗಣಗಳಿಗೆ ಸಲ್ಲುತ್ತದೆ. ಆದರೂ ಕಾರ್ನೆಗಿ ಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವುಂಟು. ಈ ಒಂದು ಅಂಶದಲ್ಲಿ ಅದು ಸೇಂಟ್ ಲೂಯಿಸಿಗಿಂತ ಹಿಂದೆ.

ಕ್ಲೀವ್‌ಲೆಂಡ್ ಈರಿ ಸರೋವರದ ದಂಡೆಯ ಊರು. ಪ್ರವಾಸಿ ಪತ್ರಿಕೆಗಳು ಮೊದಲು ಹೆಸರಿಸುವುದು ಐ. ಎಂ. ಪೇ ರೂಪಿಸಿದ, 1995ರಲ್ಲಿ ತೆರೆದ ರಾಕ್ ಸಂಗೀತದ ಕೀರ್ತಿಭವನವನ್ನು. ಆ ಸಂಗೀತವನ್ನು ಬಲ್ಲವರಿಗೆ ಅದು ತೀರ್ಥಕ್ಷೇತ್ರವೇ ಸರಿ. ಆದರೆ ನಗರದ ನಿಜವಾದ ರತ್ನ 1916ರಲ್ಲಿ ತೆರೆದ ಕಲಾಸಂಗ್ರಹಾಲಯ. ಸಮಸ್ತ ಜನರಿಗೂ ಎಂದೆಂದಿಗೂ ಸಲ್ಲಬೇಕೆಂಬ ಸಂಕಲ್ಪದಿಂದ ಹುಟ್ಟಿದ ಈ ಸಂಸ್ಥೆ ಇಂದಿಗೂ ಬಾಗಿಲಲ್ಲಿ ಕಾಸು ಕೇಳುವುದಿಲ್ಲ. ಏಷ್ಯದ ಕಲೆಯ ಸಂಗ್ರಹದಲ್ಲಿ ಅಮೆರಿಕದ ಮುಂಚೂಣಿಯ ಸಂಗ್ರಹಾಲಯಗಳಲ್ಲಿ ಅದೊಂದು. ಅಲ್ಲಿನ ಚೋಳರ ಕಾಲದ ಕಂಚಿನ ನಟರಾಜನ ಮುಂದೆ ಮಧ್ಯಾಹ್ನದ ಹೊತ್ತಿನಲ್ಲಿ ಶಾಲೆಯ ಮಕ್ಕಳು ನೆಲದ ಮೇಲೆ ಕುಳಿತು ಪೆನ್ಸಿಲಿನಿಂದ ಎತ್ತಿದ ಪಾದವನ್ನು ಬರೆಯುವುದನ್ನು ನೋಡಿದರೆ, ಕಲೆಗೆ ಬಾಗಿಲು ತೆರೆದಿಡುವುದರ ಅರ್ಥ ಮನಸ್ಸಿಗೆ ಹೊಳೆಯುತ್ತದೆ. ಆ ಮೂರ್ತಿ ಗರ್ಭಗುಡಿಯಿಂದ ದೂರವಾಯಿತೆಂಬ ಸಂಕಟ ನಮಗೆ ಇರುವುದು ನ್ಯಾಯವೇ. ಆ ಸಂಕಟವನ್ನು ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ.

ಪಶ್ಚಿಮ ಬದಿಯ ಮಾರುಕಟ್ಟೆ 1912ರದು. 137 ಅಡಿಯ ಗಡಿಯಾರ ಗೋಪುರ, ಹಳದಿ ಇಟ್ಟಿಗೆಯ ಗೋಡೆ, ಒಳಗೆ ಸಣ್ಣ ಸಣ್ಣ ಹೆಂಚುಗಳನ್ನು ಜೋಡಿಸಿ ಕಟ್ಟಿದ ಕಮಾನಿನ ಛಾವಣಿ. ಅದರಡಿಯಲ್ಲಿ ಪೋಲೆಂಡ್, ಹಂಗೆರಿ, ಜರ್ಮನಿಗಳಿಂದ ಬಂದವರ ಅಡುಗೆಯ ನೆನಪುಗಳೆಲ್ಲ ಮಳಿಗೆಗಳಲ್ಲಿ ರಾಶಿಬಿದ್ದಿರುತ್ತವೆ. ನಗರದ ನಡುವೆ ಹಾಯುವ ಕಯಹೋಗ ನದಿ 1969ರ ಜೂನ್ 22ರಂದು ಉರಿಯಿತು; ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ ಕಸಗಳಿಗೆ ಕಿಡಿ ತಗುಲಿ ಹೊತ್ತಿದ ಆ ಬೆಂಕಿ ಅರ್ಧ ಗಂಟೆಯಲ್ಲಿ ಆರಿತಾದರೂ ದೇಶದ ಮನಸ್ಸಿನಲ್ಲಿ ಆರಲಿಲ್ಲ. 1972ರಲ್ಲಿ ಬಂದ ಶುದ್ಧ ಜಲದ ಶಾಸನಕ್ಕೆ ಪ್ರೇರಣೆಯಾದ ಸಂಗತಿಗಳಲ್ಲಿ ಇದೂ ಒಂದು. ಇಂದು ಅದೇ ನೀರಿಗೆ ಮೀನುಗಳು ಮರಳಿವೆ, ದೋಣಿ ಹುಟ್ಟುಹಾಕುವ ತರುಣರೂ ಮರಳಿದ್ದಾರೆ. ಕರ್ನಾಟಕ ಸಂಗೀತದ ಪ್ರಿಯರಿಗೆ ಈ ಊರು ಇನ್ನೊಂದು ಕಾರಣಕ್ಕೆ ಪರಿಚಿತ: 1978ರಿಂದ ಪ್ರತಿವರ್ಷ ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ನಡೆಯುವ ತ್ಯಾಗರಾಜ ಆರಾಧನೆಗೆ ನಮ್ಮ ನಾಡಿನ ವಿದ್ವಾಂಸರೂ ಹೋಗಿ ಹಾಡಿ ನುಡಿಸಿ ಬಂದಿದ್ದಾರೆ. ಕಲಾಸಂಸ್ಥೆಗಳ ಪೋಷಣೆಗೆ ಅಲ್ಲಿನ ಕೌಂಟಿಯ ಮತದಾರರು 2006ರಲ್ಲಿ ಆರಿಸಿಕೊಂಡ ದಾರಿ ಸಿಗರೇಟಿನ ಮೇಲಿನ ತೆರಿಗೆ. ಇದರಲ್ಲೊಂದು ತೊಡಕುಂಟು: ಜನ ಧೂಮಪಾನ ಬಿಟ್ಟಷ್ಟೂ ಕಲೆಯ ಬೊಕ್ಕಸ ಬರಿದಾಗುತ್ತದೆ. ಜನರ ಆರೋಗ್ಯವೂ ಜನರ ಸಂಸ್ಕೃತಿಯೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ನಡೆಯುವಂತೆ ಮಾಡುವ ತೆರಿಗೆಯನ್ನು ನಾನು ಮೆಚ್ಚಲಾರೆ.

ಮಿಲ್ವಾಕಿಯನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು, ಏಕೆಂದರೆ ಅದರ ಕೀರ್ತಿ ಬಹುಮಟ್ಟಿಗೆ ಒಂದೇ ಕಟ್ಟಡದಲ್ಲಿ ಅಡಕವಾಗಿದೆ. ಮಿಷಿಗನ್ ಸರೋವರದ ತೀರದಲ್ಲಿ, ಕಮಾನಿನ ಸಾರಿನೆನ್ ರೂಪಿಸಿದ 1957ರ ಯುದ್ಧಸ್ಮಾರಕ ಭವನದ ಪಕ್ಕದಲ್ಲಿ, ಸ್ಪೇನಿನ ಶಿಲ್ಪಿ ಸ್ಯಾಂಟಿಯಾಗೋ ಕಲಟ್ರಾವನು 2001ರಲ್ಲಿ ಕಲಾಸಂಗ್ರಹಾಲಯಕ್ಕೆ ಸೇರಿಸಿದ ಮಂಟಪಕ್ಕೆ 217 ಅಡಿ ಅಗಲಕ್ಕೆ ಬಿಚ್ಚಿಕೊಳ್ಳುವ ಉಕ್ಕಿನ ರೆಕ್ಕೆಗಳಿವೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಅವು ಅರಳುತ್ತವೆ, ಮಧ್ಯಾಹ್ನ ಒಮ್ಮೆ ಮಡಚಿ ಮತ್ತೆ ಬಿಚ್ಚಿಕೊಳ್ಳುತ್ತವೆ; ಗಾಳಿಯ ವೇಗ ಗಂಟೆಗೆ 23 ಮೈಲಿಯನ್ನು ಮೀರಿ ಮೂರು ಸೆಕೆಂಡು ನಿಂತರೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಅದೇ ಊರಿನ ಮಿಚೆಲ್ ಪಾರ್ಕಿನ ಮೂರು ಗಾಜಿನ ಗುಮ್ಮಟಗಳು ಮಾತ್ರ 1960ರ ದಶಕದ ಕೊಡುಗೆಯಾಗಿ ಬಂದು ಇಂದು ಶಿಥಿಲವಾಗಿವೆ. 2016ರಲ್ಲಿ ಕಾಂಕ್ರೀಟಿನ ಚೂರು ಬಿದ್ದು ಕೆಲಕಾಲ ಮುಚ್ಚಬೇಕಾಯಿತು. ಹೊಸದನ್ನು ಕಟ್ಟುವುದಕ್ಕೆ ದಾನಿಗಳು ಸಿಕ್ಕುವಷ್ಟು ಸುಲಭವಾಗಿ ಹಳೆಯದರ ಸೋರಿಕೆ ನಿಲ್ಲಿಸುವುದಕ್ಕೆ ಸಿಕ್ಕುವುದಿಲ್ಲ.

ಸಿನ್ಸಿನಾಟಿಯ ಯೂನಿಯನ್ ಟರ್ಮಿನಲ್ ಇದಕ್ಕೆ ಪ್ರತ್ಯುತ್ತರದಂತಿದೆ. 1933ರಲ್ಲಿ ತೆರೆದ ಈ ರೈಲು ನಿಲ್ದಾಣದ ಅರ್ಧಗುಮ್ಮಟ 180 ಅಡಿ ಅಗಲ, 106 ಅಡಿ ಎತ್ತರ. ಪ್ರವೇಶದ್ವಾರದ ಒಂದು ಕೊನೆಯ ಕುಡಿಯುವ ನೀರಿನ ನಲ್ಲಿಯ ಬಳಿ ಪಿಸುಗುಟ್ಟಿದ ಮಾತು ಕಮಾನನ್ನು ಹಿಡಿದು ಸಾಗಿ ಎದುರು ಕೊನೆಯ ನಲ್ಲಿಯ ಬಳಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ರೈಲುಗಳು ನಿಂತುಹೋದ ಮೇಲೆ ನಿಲ್ದಾಣದ ಹಿಂಭಾಗವನ್ನು ಕೆಡವಿದರು. ಅಲ್ಲಿ ವಿನೋಲ್ಡ್ ರೈಸ್ ಗಾಜಿನ ಚೂರುಗಳಿಂದ ರಚಿಸಿದ್ದ ಕಾರ್ಮಿಕರ ಹದಿನಾಲ್ಕು ಭಿತ್ತಿಚಿತ್ರಗಳನ್ನು ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ಸಿನ್ಸಿನಾಟಿಯ ವಿಮಾನ ನಿಲ್ದಾಣವಿರುವುದು ನಗರದಲ್ಲಲ್ಲ, ಒಹಾಯೊ ರಾಜ್ಯದಲ್ಲೂ ಅಲ್ಲ, ನದಿಯಾಚೆಯ ಕೆಂಟಕಿಯಲ್ಲಿ. ಅವುಗಳಲ್ಲಿ ಒಂಬತ್ತು ಕಳೆದ ದಶಕದಲ್ಲಿ ನಗರಕ್ಕೆ ಮರಳಿ ಬಂದುವು. ಉಳಿದ ನಿಲ್ದಾಣ 1990ರಲ್ಲಿ ಸಂಗ್ರಹಾಲಯಗಳ ಕೇಂದ್ರವಾಯಿತು. ಗೋಡೆಗಳು ಜೀರ್ಣವಾದಾಗ 2014ರಲ್ಲಿ ಕೌಂಟಿಯ ಮತದಾರರು ಮಾರಾಟ ತೆರಿಗೆಯಲ್ಲಿ ಶೇಕಡಾ ಕಾಲು ಭಾಗವನ್ನು ಐದು ವರ್ಷಗಳ ಮಟ್ಟಿಗೆ ಹೆಚ್ಚಿಸಿಕೊಂಡು ಅದನ್ನು ದುರಸ್ತಿ ಮಾಡಿಸಿದರು. ಅದೇ ಊರಿನ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಮಾರ್ತಾ ಎಂಬ ಹಕ್ಕಿ ಸತ್ತಿತು. ಒಂದು ಕಾಲದಲ್ಲಿ ಆಕಾಶವನ್ನೇ ಮರೆಮಾಡುವಷ್ಟು ಹಿಂಡುಗಳಲ್ಲಿ ಹಾರುತ್ತಿದ್ದ ಪಯಣಿಗ ಪಾರಿವಾಳದ ಕುಲದ ಕೊನೆಯ ಜೀವ ಅದು. ಅದಿದ್ದ ಗೂಡನ್ನು ಸ್ಮಾರಕವಾಗಿ ಕಾಪಾಡಿದ್ದಾರೆ.

ಐದನ್ನೂ ತೂಗಿದ ಮೇಲೆ ನನ್ನ ತೀರ್ಮಾನ ಇದು. ಕಣ್ಣಿಗೆ ಹಬ್ಬವಾಗಬೇಕೆಂದರೆ ಪಿಟ್ಸ್‌ಬರ್ಗಿಗೆ ಸಮಾನವಾದುದು ಇಲ್ಲ. ಒಂದೇ ಸಂಗ್ರಹಾಲಯದಲ್ಲಿ ದಿನ ಕಳೆಯಬೇಕೆನ್ನುವವರಿಗೆ ಕ್ಲೀವ್‌ಲೆಂಡ್ ಸಾಕು. ಆದರೆ ಪೌರಜೀವನದ ದೃಷ್ಟಿಯಿಂದ ಅಗ್ರಸ್ಥಾನ ಸೇಂಟ್ ಲೂಯಿಸಿಗೆ ಸಲ್ಲಬೇಕು, ಏಕೆಂದರೆ ದಾನಿಯ ಮರ್ಜಿಗೂ ಟಿಕೆಟ್ಟಿನ ಆದಾಯಕ್ಕೂ ಬಿಡದೆ, ಎಲ್ಲೆಯ ಒಳಗಿನವರೂ ಹೊರಗಿನವರೂ ಕೂಡಿ ತಮ್ಮ ಕಂದಾಯದಿಂದ ಒಂದು ಮಹೋದ್ಯಾನವನ್ನೂ ಅದರ ಸಂಸ್ಥೆಗಳನ್ನೂ ಬಡವನಿಗೂ ತೆರೆದಿಟ್ಟಿದ್ದಾರೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ನಮ್ಮ ಹಿರಿಯರಲ್ಲಿ ಒಂದು ವಿಜ್ಞಾಪನೆ: ನಯಾಗರವನ್ನು ನೋಡಿಯಾದ ಮೇಲೆ ಒಂದು ವಾರಾಂತ್ಯವನ್ನು ಇಂತಹ ನಗರವೊಂದಕ್ಕೆ ಮೀಸಲಿಡಿ. ಪಿಟ್ಸ್‌ಬರ್ಗ್ ಮತ್ತು ಕ್ಲೀವ್‌ಲೆಂಡ್‌ಗಳ ನಡುವೆ ಮೋಟಾರಿನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ. ಎರಡನ್ನೂ ಒಟ್ಟಿಗೆ ನೋಡಬಹುದು. ಕ್ಲೀವ್‌ಲೆಂಡಿನ ಕಲಾಸಂಗ್ರಹಾಲಯವೂ ಸೇಂಟ್ ಲೂಯಿಸಿನ ಕಲಾಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತವೆ. ಉಳಿದ ಆರು ದಿನಗಳಲ್ಲಿ ಯಾವಾಗ ಹೋದರೂ ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ.